ಟೊಂಗೆ ಕಸವಾದದ್ದು ಯಾವಾಗ?

ಮೂರು ವರ್ಷದ ಹಿಂದೆ ಮೇ ತಿಂಗಳ ಕೊನೆಗೆ ನಮ್ಮ ಹಿತ್ತಲಿನ ಬೇವಿನ ಗಿಡ ಕಡಿಸಿದೆ. ಗಾಬರಿಯಾಗಬೇಡಿ, ಇಡೀ ಗಿಡವನ್ನಲ್ಲ, ಬರೀ ಟೊಂಗೆಗಳನ್ನು. (ನಮ್ಮ ಚಿಕ್ಕೋಡಿ ಕಡೆ ಎಷ್ಟು ದೊಡ್ಡ ಮರವಾದರೂ ನಮಗದು ಗಿಡವೇ. ಬೆಂಗಳೂರಿನ ಗೆಳೆಯರು ನಗುತ್ತಾರೆ, ನಗಲಿ ಬಿಡಿ :) ) ಮಳೆಗಾಲದ ಮುಂಚಿನ ಗಾಳಿಗೆ ಟೊಂಗೆಗಳು ಕರೆಂಟಿನ ವೈರಿಗೆ ತಾಗಿ ಕಿಡಿ ಹಾರುತ್ತಿದ್ದವು. ಹಾಗಾಗಿ ಕೊಡ್ಲಿ ಹಿಡಿದ ಮಾಮಾ ಒಬ್ಬರನ್ನು ಕರೆಸಿದೆ. ಸಂಜೆಯ ಹೊತ್ತಿಗೆ ಕೆಲಸ ಮುಗಿಯಿತು. ಹಿತ್ತಲಲ್ಲಿ ಆಳೆತ್ತರದ ರಾಶಿ.

"ಮಾಮಾ, ಕಟಗಿ ನೀವ ಒಯ್ರಿ" ಅಂದೆ, ಭಾರಿ ಉದಾರಿಯ ಹಾಗೆ.

ಅವರು ನಕ್ಕರು. "ನಾ ಒಯ್ದ ಏನ್ ಮಾಡ್ಲ್ಯೋ ತಮ್ಮಾ? ಮನ್ಯಾಗ ಗ್ಯಾಸ್ ಐತಿ. ಟ್ರ್ಯಾಕ್ಟರ್ ತಂದ ಒಗ್ದ ಬರಬೇಕಂದ್ರ ಅದಕ್ಕ ಬ್ಯಾರೆ ರೊಕ್ಕ ಆಗ್ತೈತಿ ನೋಡು."

ನನಗೆ ನಿಜಕ್ಕೂ ಆಶ್ಚರ್ಯವಾಯಿತು. ನಾನು ಸಣ್ಣವನಿದ್ದಾಗ ಇದೇ ಗಿಡದ ಟೊಂಗೆ ಕಡಿದವರಿಗೆ ಅಪ್ಪ ರೊಕ್ಕ ಕೊಟ್ಟದ್ದೇ ಇಲ್ಲ. ಕಡಿದ ಕಟ್ಟಿಗೆಯಲ್ಲಿ ಅರ್ಧ ಅವರಿಗೆ, ಅರ್ಧ ನಮಗೆ. ಅದೇ ಕೂಲಿ. ಆ ಅರ್ಧಕ್ಕೂ ಇಬ್ಬರು ಪೈಪೋಟಿ ಮಾಡಿದ್ದು ನನಗೆ ನೆನಪಿದೆ. ಒಂದು ಕಾಲಕ್ಕೆ ಕೂಲಿಯಾಗಿದ್ದ ವಸ್ತುವೇ ಈಗ ಒಗೆಯಲು ಕೂಲಿ ಕೇಳುತ್ತಿದೆ!

ನಾನು ಏನು ಮಾಡಿದೆ? ಎಲ್ಲರೂ ಮಾಡುವುದನ್ನೇ. ನಾಲ್ಕು ದಿನ ಒಣಗಲು ಬಿಟ್ಟು, ಅರೆಬರೆ ಹಸಿ ಇರುವಾಗಲೇ, ಒಂದು ಸಂಜೆ ಕಡ್ಡಿ ಗೀರಿದೆ. ಹಸಿ ಬೇವಿನ ತಪ್ಪಲು ಎಂಥ ಹೊಗೆ ಕೊಡುತ್ತದೆ ಅನ್ನುವುದು ಗೊತ್ತಿದ್ದವರಿಗೇ ಗೊತ್ತು. ರಾತ್ರಿ ಹತ್ತರವರೆಗೂ ಅದು ಹೊಗೆಯಾಡುತ್ತಲೇ ಇತ್ತು. ಮರುದಿನ ಬೆಳಿಗ್ಗೆ ಪಕ್ಕದ ಮನೆಯವರು ಬಂದರು. ಜಗಳಕ್ಕಲ್ಲ, ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಮೆಲ್ಲಗೆ, "ಆಯಿಗೆ ರಾತ್ರಿಯೆಲ್ಲಾ ಉಸಿರ ಹತ್ತಿತ್ತರಿ. ದವಾಖಾನಿಗೆ ಕರಕೊಂಡ ಹೊಂಟೇವಿ" ಅಂದು ಹೋದರು. ಅಷ್ಟೇ. (ಆಯಿ ಅಂದರೆ ನಮ್ಮ ಕಡೆ ಅಜ್ಜಿ.)

ಆಯಿ ಎರಡು ದಿನಕ್ಕೆ ಮನೆಗೆ ಬಂದರು. ನಾನು ಮುಖ ಮುಚ್ಚಿಕೊಂಡು ನೋಡಲು ಹೋದೆ. ಅವರು ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು: "ಅಲ್ಲೋ, ಅಷ್ಟ ಛಲೋ ತಪ್ಪಲಾ ಯಾಕ ಸುಟ್ಟಿ? ನಮ್ಮ ಕಾಲದಾಗ ತಪ್ಪಲಾ ಯಾರ ಸುಡತಿದ್ರು?"

ಈ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ಹೌದಲ್ಲ? ಹಿತ್ತಲಿನ ಸೊಪ್ಪು ಸದೆಗೆ ಬೆಂಕಿ ಹಚ್ಚುವುದು ತಲೆತಲಾಂತರದಿಂದ ಬಂದ ಪದ್ಧತಿ ಅಂತ ನಾನು ತಿಳಿದಿದ್ದೆ. ಅಲ್ಲವೇ ಹಾಗಾದರೆ? ಅಲ್ಲಿಂದ ಇಲ್ಲಿಯವರೆಗೆ ಓದಿದ್ದು, ಕೇಳಿದ್ದು, ನೋಡಿದ್ದನ್ನೆಲ್ಲ ಇಲ್ಲಿ ಬರೆದಿಡುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಚಹಾ ತಗೊಂಡು ಕೂತುಕೊಳ್ಳಿ.

ಮೊದಲು, ಆ ಟೊಂಗೆ ಯಾರಿಗೆಲ್ಲ ಬೇಕಾಗಿತ್ತು ನೋಡೋಣ.

ಮೊದಲನೆಯದು ಆಡು. ಆಡು ಮುಟ್ಟದ ಸೊಪ್ಪಿಲ್ಲ ಅಂತ ಗಾದೆಯೇ ಇದೆ. ಟೊಂಗೆ ನೆಲಕ್ಕೆ ಬಿದ್ದ ದಿನವೇ ಓಣಿಯ ಆಡುಗಳು ಬಂದು ಎಲೆ ಬರಿದು ಮಾಡುತ್ತಿದ್ದವು. ಎರಡನೆಯದು ಒಲೆ. ಬೆರಳು ಗಾತ್ರದ ಪುರಳೆಯಿಂದ ಹಿಡಿದು ತೊಡೆ ಗಾತ್ರದ ಕೊರಡಿನವರೆಗೆ ಎಲ್ಲಕ್ಕೂ ಅಲ್ಲಿ ಕೆಲಸವಿತ್ತು. ಪುರಳೆ ಬೆಂಕಿ ಹಚ್ಚಲು, ಕೊರಡು ನೀರೊಲೆಗೆ. ಮೂರನೆಯದು ಬೇಲಿ. ಅಥಣಿ, ಕಾಗವಾಡದ ಎರೆಭೂಮಿಯ ಹೊಲಗಳ ಬದುವಿನಲ್ಲಿ ಕರಿಜಾಲಿ ಇರುತ್ತಿತ್ತು. ಅದರ ಮುಳ್ಳಿನ ಟೊಂಗೆ ಕಡಿದು ಬೇಲಿ ಕಟ್ಟುವುದು, ದಪ್ಪ ಕಟ್ಟಿಗೆ ಗಾಡಿಯ ಗಾಲಿಗೆ, ಕಾಯಿ ಆಡಿಗೆ. ನಾಲ್ಕನೆಯದು ಹೋಳಿ ಹುಣ್ಣಿಮೆ. ಹುಡುಗರು ಮನೆಮನೆಯ ಕಟ್ಟಿಗೆ, ಕುಳ್ಳು ಕದ್ದು ಕಾಮಣ್ಣನಿಗೆ ಒಟ್ಟುತ್ತಿದ್ದರು. ಕಟ್ಟಿಗೆಯನ್ನು ಕದಿಯುತ್ತಿದ್ದರು ಅನ್ನುವುದನ್ನು ಗಮನಿಸಿ. ಕಸವನ್ನು ಯಾರೂ ಕದಿಯುವುದಿಲ್ಲ.

ಇಷ್ಟೆಲ್ಲ ಆಗಿ ಉಳಿದ ಉದುರೆಲೆ, ಹೊಟ್ಟು, ಬೂದಿ, ಸೆಗಣಿ ಹೋಗುವುದು ತಿಪ್ಪಿಗೆ. ತಿಪ್ಪಿ ಅಂದರೆ ಕಸದ ಗುಂಡಿ ಅಂತ ಈಗಿನ ಮಕ್ಕಳು ತಿಳಿದಿದ್ದಾರೆ. ಆಗ ಅದು ಮನೆತನದ ಆಸ್ತಿ. ಇಂಥವರ ತಿಪ್ಪಿ ಇಂಥಲ್ಲಿ ಅಂತ ಊರಿಗೇ ಗೊತ್ತಿರುತ್ತಿತ್ತು. ಬೇಸಿಗೆಯಲ್ಲಿ ಗಾಡಿ ಹೂಡಿ ಹೊಲಕ್ಕೆ ಹೊಡೆಯುತ್ತಿದ್ದರು. ದೀಪಾವಳಿಯಲ್ಲಿ ತಿಪ್ಪಿಗೂ ಒಂದು ಹಣತೆ ಇಡುತ್ತಿದ್ದರು. ಉಳಿಯದ ಮಕ್ಕಳ ಮನೆಯಲ್ಲಿ ಹುಟ್ಟಿದ ಕೂಸನ್ನು ತಿಪ್ಪಿಯ ಮೇಲೆ ಉರುಳಿಸಿ ತಿಪ್ಪಣ್ಣ, ತಿಪ್ಪವ್ವ ಅಂತ ಹೆಸರಿಡುತ್ತಿದ್ದ ಕಥೆ ನಿಮಗೂ ಗೊತ್ತಿರಬಹುದು. ಮಗುವಿಗೆ ಹೆಸರಾಗುವಷ್ಟು ಮರ್ಯಾದೆ ಇದ್ದ ಜಾಗ ಅದು.

ಹಾಗಾದರೆ ಬೆಂಕಿ ಇರಲೇ ಇಲ್ಲವೇ? ಇತ್ತು. ಆದರೆ ಪ್ರತಿ ಬೆಂಕಿಗೂ ಒಂದು ಕೆಲಸವಿತ್ತು. ನಮ್ಮ ನಿಪ್ಪಾಣಿಯ ಬೀಡಿ ತಂಬಾಕನ್ನೇ ತೆಗೆದುಕೊಳ್ಳಿ. ತಂಬಾಕಿನ ಬೀಜ ಸಾಸಿವೆಗಿಂತ ಎಷ್ಟೋ ಸಣ್ಣದು. ಮೊಳೆತ ಸಸಿ ಬುಡ ಕೊಳೆತು ಮಲಗಿಬಿಡುತ್ತದೆ, ಇಲ್ಲವೇ ಕಳೆ ಅದನ್ನು ನುಂಗಿಬಿಡುತ್ತದೆ. ಅದಕ್ಕೇ ಬೀಜ ಹಾಕುವ ಮುಂಚೆ ಮಡಿಯ ಮೇಲೆ ಹೊಲದ ಕಸಕಡ್ಡಿ, ಹೊಟ್ಟು ಹರವಿ ನಿಧಾನಕ್ಕೆ ಸುಡುತ್ತಾರೆ. ಆ ಕಾವಿಗೆ ಮೇಲ್ಮಣ್ಣಿನ ರೋಗದ ಶಿಲೀಂಧ್ರ, ಕಳೆಬೀಜ ಎಲ್ಲ ಸಾಯುತ್ತವೆ. ತಂಬಾಕು ಸಂಶೋಧನೆಯವರೂ ಸಸಿಮಡಿಗೆ ಇದನ್ನೇ ಹೇಳುತ್ತಾ ಬಂದಿದ್ದಾರೆ.

ಇದರ ಅಣ್ಣ ಸಹ್ಯಾದ್ರಿಯಲ್ಲಿದ್ದಾನೆ. ಮರಾಠಿಯಲ್ಲಿ ಇದಕ್ಕೆ ರಾಬ ಅನ್ನುತ್ತಾರೆ. ಕೊಂಕಣ ಮತ್ತು ಘಟ್ಟದ ರೈತರು ಕಾಡಿನ ಟೊಂಗೆ ಸವರಿ ತಂದು, ಎಲೆ, ಸೆಗಣಿ, ಹುಲ್ಲು, ಮಣ್ಣು ಪದರ ಪದರವಾಗಿ ಹಾಕಿ ಭತ್ತದ ಸಸಿಮಡಿಯಲ್ಲಿ ಸುಡುತ್ತಿದ್ದರು. ಬ್ರಿಟಿಷರ ಅರಣ್ಯ ಇಲಾಖೆಗೆ ಇದು ಕಾಡಿನ ನಾಶ ಅನಿಸಿತು, ರೈತರಿಗೆ ಅದು ಅನ್ನ. ಠಾಣೆ, ಕೊಲಾಬಾ ಜಿಲ್ಲೆಗಳಲ್ಲಿ ಈ ತಕರಾರು ಎಷ್ಟು ಬೆಳೆಯಿತೆಂದರೆ ಮುಂಬೈ ಸರಕಾರ 1885ರಲ್ಲಿ ಒಂದು ಅರಣ್ಯ ಆಯೋಗವನ್ನೇ ನೇಮಿಸಿತು. 1887ರಲ್ಲಿ ಬಂದ ಅದರ ವರದಿಯಲ್ಲಿ ರಾಬದ ಟೊಂಗೆ ದೊಡ್ಡ ವಿಷಯ. ಅಂದರೆ ಸುಮಾರು ನೂರ ನಲವತ್ತು ವರ್ಷದ ಹಿಂದೆ ಕಡಿದ ಟೊಂಗೆ ಯಾರಿಗೆ ಸೇರಬೇಕು ಅಂತ ಸರಕಾರವೂ ರೈತರೂ ಹಗ್ಗಜಗ್ಗಾಟ ಮಾಡುತ್ತಿದ್ದರು. ಈಗ ಅದೇ ಟೊಂಗೆಯನ್ನು ನೀವೇ ಇಟ್ಟುಕೊಳ್ಳಿ ಅಂತ ಇಬ್ಬರೂ ತಳ್ಳಾಡುತ್ತಿದ್ದೇವೆ!

ಆಗಿನ ಕಾಲಕ್ಕೆ ನಮ್ಮ ಊರುಗಳೂ ಆ ಮುಂಬೈ ಪ್ರಾಂತ್ಯದವೇ. ಚಿಕ್ಕೋಡಿ, ನಿಪ್ಪಾಣಿ, ಅಥಣಿ 1956ರವರೆಗೆ ಮುಂಬೈ ರಾಜ್ಯದ ಬೆಳಗಾವಿ ಜಿಲ್ಲೆಯಲ್ಲಿದ್ದವು. ರಾಯಬಾಗ 1949ರವರೆಗೆ ಕೊಲ್ಹಾಪುರ ಸಂಸ್ಥಾನದ್ದು. ನಿಪ್ಪಾಣಿ ಮತ್ತು ಕಾಗವಾಡ ಬೇರೆ ತಾಲ್ಲೂಕುಗಳೆಂದು ಘೋಷಣೆಯಾದದ್ದು 2017ರ ಬಜೆಟ್ಟಿನಲ್ಲಿ. ಗೆರೆಗಳು ಬದಲಾದವು, ತಿಪ್ಪಿ ಮಾತ್ರ ಗೆರೆಯ ಎರಡೂ ಕಡೆ ಒಂದೇ ಥರ ಇತ್ತು.

ಇಂಗ್ಲೆಂಡಿನಿಂದ ಬಂದ ಕೃಷಿ ರಸಾಯನಶಾಸ್ತ್ರಜ್ಞ ಜಾನ್ ಆಗಸ್ಟಸ್ ವೋಲ್ಕರ್ ಭಾರತ ಸುತ್ತಿ 1893ರಲ್ಲಿ ಒಂದು ವರದಿ ಪ್ರಕಟಿಸಿದ. ಭಾರತದ ರೈತ ದಡ್ಡ, ಸೆಗಣಿ ಸುಟ್ಟುಹಾಕುತ್ತಾನೆ ಅನ್ನುವುದು ಆಗಿನ ಸಾಹೇಬರ ಮಾತು. ವೋಲ್ಕರ್ ಅದನ್ನು ಒಪ್ಪಲಿಲ್ಲ. ಉರವಲಿಗೆ ಕಟ್ಟಿಗೆ ಸಿಗದೆ ಇರುವುದರಿಂದಲೇ ಸೆಗಣಿ ಕುಳ್ಳಾಗುತ್ತಿದೆ, ಕಟ್ಟಿಗೆ ಕೊಡಿ, ಸೆಗಣಿ ತಾನೇ ಹೊಲಕ್ಕೆ ಹೋಗುತ್ತದೆ ಅಂದ. ಇದನ್ನು ಓದಿದಾಗ ನನಗೆ ಒಂದು ವಿಷಯ ಹೊಳೆಯಿತು. ಹಿತ್ತಲಿನ ಟೊಂಗೆ ಮತ್ತು ಹೊಲದ ಗೊಬ್ಬರ ಒಂದೇ ತಕ್ಕಡಿಯ ಎರಡು ತಟ್ಟೆಗಳು. ಟೊಂಗೆ ಒಲೆಗೆ ಹೋದಷ್ಟೂ ಸೆಗಣಿ ತಿಪ್ಪಿಗೆ ಉಳಿಯುತ್ತಿತ್ತು.

ಹಾಗಾದರೆ ಕೆಲಸವಿಲ್ಲದ ಬೆಂಕಿ ಯಾವಾಗ ಬಂತು? ನನಗೆ ಅನ್ನಿಸುವುದು, ಅದು ಕಬ್ಬಿನ ಜೊತೆ ಬಂತು.

ಕಬ್ಬು ಮೊದಲೂ ಇತ್ತು, ಬೆಲ್ಲದ ಗಾಣವೂ ಇತ್ತು. ಒಣಗಿದ ರವದಿಯನ್ನು ಗಾಣದ ಒಲೆಗೆ, ಗುಡಿಸಲಿನ ಮಾಡಿಗೆ ಬಳಸುತ್ತಿದ್ದರು. ಜೋಳದ ಕಣಕಿಯನ್ನಂತೂ ಯಾರೂ ಸುಡುವ ಪ್ರಶ್ನೆಯೇ ಇಲ್ಲ, ಅದು ಎತ್ತಿನ ಊಟ, ಬಣವಿ ಒಟ್ಟಿ ಕಾಯುವ ವಸ್ತು. ಆದರೆ 1939ರಲ್ಲಿ ಉಗಾರ ಶುಗರ್ ವರ್ಕ್ಸ್ ಹುಟ್ಟಿತು. ಮುಂದೆ ಸಹಕಾರಿ ಕಾರ್ಖಾನೆಗಳು ಬಂದವು. ಕೃಷ್ಣಾ, ದೂಧಗಂಗಾ, ವೇದಗಂಗಾ ನೀರು ಪಂಪಿನಲ್ಲಿ, ಕಾಲುವೆಯಲ್ಲಿ ಹೊಲಕ್ಕೆ ಹತ್ತಿತು. ನೋಡನೋಡುತ್ತ ನದಿ ದಂಡೆಯೆಲ್ಲ ಕಬ್ಬು. ಕಟಾವಾದ ಮೇಲೆ ಒಂದೊಂದು ಎಕರೆಯಲ್ಲಿ ಮೂರು ನಾಲ್ಕು ಟನ್ ರವದಿ ಬೀಳುತ್ತದೆ. ದನ ತಿನ್ನುವುದಿಲ್ಲ, ಕೂಳೆ ಕಬ್ಬಿಗೆ ನೀರು ಹಾಯಿಸಲು ಅಡ್ಡ, ಆಳು ಸಿಗುವುದಿಲ್ಲ. ಒಂದು ಕಡ್ಡಿ ಗೀರಿದರೆ ಅರ್ಧ ತಾಸಿನಲ್ಲಿ ಹೊಲ ಸ್ವಚ್ಛ. ಇಷ್ಟೊಂದು ರಾಶಿಯನ್ನು ಬರೀ ಜಾಗ ಖಾಲಿ ಮಾಡುವುದಕ್ಕೆ ಸುಡುವುದನ್ನು ನಮ್ಮ ಭಾಗ ಕಂಡದ್ದು ಆಗಲೇ. ಹೊಲದಲ್ಲಿ ರೂಢಿಯಾದ ಆ ಕಡ್ಡಿಪೆಟ್ಟಿಗೆ ನಿಧಾನಕ್ಕೆ ಹಿತ್ತಲಿಗೂ ಬಂತು. "ಸುಟ್ಟ ಬಿಡು" ಅನ್ನುವ ಮಾತು ಸಲೀಸಾಯಿತು.

ಬೂದಿ ಒಳ್ಳೆಯ ಗೊಬ್ಬರ ಅಲ್ಲವೇ ಅಂತ ಕೇಳುತ್ತೀರಿ. ಬೂದಿಯಲ್ಲಿ ಪೊಟ್ಯಾಷ್, ಸುಣ್ಣ ಉಳಿಯುತ್ತದೆ ನಿಜ. ಆದರೆ ಸಾರಜನಕ, ಗಂಧಕದ ಬಹುಪಾಲು ಹೊಗೆಯ ಜೊತೆ ಹೋಗುತ್ತದೆ. ಮಣ್ಣನ್ನು ಮೃದು ಮಾಡುವ, ನೀರು ಹಿಡಿದಿಡುವ ಸಾವಯವ ಅಂಶವಂತೂ ಪೂರ್ತಿ ಹೋಯಿತು. ಅದನ್ನೇ ಮತ್ತೆ ಚೀಲದಲ್ಲಿ ದುಡ್ಡು ಕೊಟ್ಟು ತರುತ್ತೇವೆ.

ಇದಕ್ಕೆ ಉತ್ತರ ನಮ್ಮ ತಾಲ್ಲೂಕಿನಲ್ಲೇ ಇತ್ತು. ಬೇಡಕಿಹಾಳದ ಸುರೇಶ ದೇಸಾಯಿ ಅವರ ಹೆಸರು ಕೃಷಿ ಪತ್ರಿಕೆ ಓದುವವರಿಗೆ ಗೊತ್ತು. ತೊಂಬತ್ತರ ದಶಕದಲ್ಲಿ ಅವರು ರವದಿ ಸುಡುವುದನ್ನು ನಿಲ್ಲಿಸಿ, ಕಬ್ಬಿನ ಸಾಲುಗಳ ನಡುವೆಯೇ ಹೊದಿಕೆಯಾಗಿ ಬಿಟ್ಟರು. ನೆಲ ತಂಪಾಯಿತು, ನೀರಿನ ಖರ್ಚು ಇಳಿಯಿತು, ಎರೆಹುಳು ಬಂದವು. ಸುತ್ತಲಿನ ಎಷ್ಟೋ ರೈತರು ನೋಡಲು ಹೋದರು, ಕಲಿತರು. ಹಿತ್ತಿಲ ಗಿಡ ಮದ್ದಲ್ಲ ಅನ್ನುವ ಗಾದೆ ಸುಳ್ಳಲ್ಲ ನೋಡಿ, ನಮ್ಮದೇ ಊರ ಪಕ್ಕದ ಈ ಸಂಗತಿ ನನಗೆ ಗೊತ್ತಾದದ್ದು ಬೇರೆ ಊರಿನವರು ಹೇಳಿದಾಗ.

ಇನ್ನೊಂದು ದಾರಿಯೂ ಇದೆ, ಹಳ್ಳಕ್ಕೆ ಒಗೆಯುವುದು. ಕಣ್ಣಿಗೆ ಕಾಣದಿದ್ದರೆ ಆಯಿತಲ್ಲ! ಆದರೆ ಹಳ್ಳ ಎಲ್ಲಿಗೆ ಹೋಗುತ್ತದೆ? ಮಳೆಗಾಲ ಬಂತೆಂದರೆ ಪೇಪರಿನಲ್ಲಿ ಪ್ರತಿ ವರ್ಷ ಅದೇ ಹೆಸರುಗಳು: ಕಲ್ಲೋಳ-ಯಡೂರ, ಮಲಿಕವಾಡ-ದತ್ತವಾಡ, ಕಾರದಗಾ-ಭೋಜ, ಜತ್ರಾಟ-ಭೀವಶಿ, ಅಕ್ಕೋಳ-ಸಿದ್ನಾಳ ಸೇತುವೆ ಮುಳುಗಡೆ. ನೀರು ಇಳಿದ ಮೇಲೆ ಹೋಗಿ ನೋಡಿ. ಕಂಬಗಳ ನಡುವೆ ಸಿಕ್ಕಿಕೊಂಡಿರುವುದು ಟೊಂಗೆ, ಬೇರು, ರವದಿ, ಅವಕ್ಕೆ ಸುತ್ತಿದ ಪ್ಲಾಸ್ಟಿಕ್ಕು. 2019ರ ಆಗಸ್ಟಿನ ಮಹಾಪೂರ ಕಂಡವರಿಗೆ ಈ ದೃಶ್ಯ ವಿವರಿಸಬೇಕಾಗಿಲ್ಲ. ಮಹಾಪೂರಕ್ಕೆ ನಮ್ಮ ಹಿತ್ತಲಿನ ಟೊಂಗೆ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ಚರಂಡಿ, ಸಣ್ಣ ಹಳ್ಳದ ಮೋರಿ ಕಟ್ಟಿ ಓಣಿಗೆ ನೀರು ನುಗ್ಗಲು ಒಂದು ಗಾಡಿ ಟೊಂಗೆ ಸಾಕು.

ಕಾನೂನು ಏನು ಹೇಳಿತು? 1996ರಲ್ಲಿ ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಕಸದ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಅದರ ಫಲವಾಗಿ 2000ದಲ್ಲಿ ದೇಶಕ್ಕೆ ಮೊದಲ ಪುರಸಭಾ ಘನತ್ಯಾಜ್ಯ ನಿಯಮಗಳು ಬಂದವು. ಅವುಗಳ ಜಾಗಕ್ಕೆ 2016ರ ಏಪ್ರಿಲಿನಲ್ಲಿ ಬಂದ ನಿಯಮಗಳು ತೋಟದ ಕಸದ ಬಗ್ಗೆಯೇ ಒಂದು ಮಾತು ಹೇಳಿದವು: ನಿಮ್ಮ ಗಿಡಗಳ ಕಸವನ್ನು ಬೇರೆಯಾಗಿ ನಿಮ್ಮ ಆವರಣದಲ್ಲೇ ಇಟ್ಟುಕೊಳ್ಳಿ, ಸ್ಥಳೀಯ ಸಂಸ್ಥೆ ಹೇಳಿದಂತೆ ವಿಲೇವಾರಿ ಮಾಡಿ, ರಸ್ತೆಯಲ್ಲಿ ಚರಂಡಿಯಲ್ಲಿ ಒಗೆಯಬೇಡಿ, ಸುಡಬೇಡಿ. ಅದೇ ವರ್ಷ ಡಿಸೆಂಬರಿನಲ್ಲಿ ಹಸಿರು ನ್ಯಾಯಮಂಡಳಿ ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ಭಾರಿ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಅಂತ ಆದೇಶಿಸಿತು. ನಾನು ಕಡ್ಡಿ ಗೀರಿದ್ದು ಈ ಆದೇಶ ಬಂದು ವರ್ಷಗಳಾದ ಮೇಲೆ. ಅಂದರೆ ಆಯಿ ಕೇಳಿದ ಪ್ರಶ್ನೆ ಬರೀ ಅಜ್ಜಿಯ ಮಾತಲ್ಲ, ಕಾನೂನಿನ ಮಾತೂ ಹೌದು.

ಸುಡಬೇಡ, ಒಗೆಯಬೇಡ, ಸರಿ. ಮತ್ತೇನು ಮಾಡಬೇಕು?

ಇಲ್ಲಿ ಒಬ್ಬ ಹಳೆಯ ಇಂಗ್ಲಿಷ್ ಸಾಹೇಬನ ಕಥೆ ಹೇಳಬೇಕು. ಆಲ್ಬರ್ಟ್ ಹೊವಾರ್ಡ್ 1905ರಲ್ಲಿ ಭಾರತಕ್ಕೆ ಬಂದವನು. 1924ರಿಂದ 1931ರವರೆಗೆ ಹೋಳ್ಕರರ ಇಂದೂರಿನಲ್ಲಿ ಸಸ್ಯೋದ್ಯಮ ಸಂಸ್ಥೆ ನಡೆಸಿದ. ಚೀನಾದ ರೈತರು ನೂರಾರು ವರ್ಷಗಳಿಂದ ಕಸವನ್ನೆಲ್ಲ ಮಣ್ಣಿಗೆ ಮರಳಿಸುವುದನ್ನು ಓದಿ, ನಮ್ಮ ರೈತರ ತಿಪ್ಪಿ ನೋಡಿ, ಎರಡನ್ನೂ ಕೂಡಿಸಿ ಒಂದು ಕ್ರಮ ಮಾಡಿದ. ಎಲೆ ಕಡ್ಡಿಯ ಪದರ, ಸೆಗಣಿ ಗಂಜಲದ ಮಣ್ಣು, ಸ್ವಲ್ಪ ಬೂದಿ, ನೀರು, ಆಮೇಲೆ ಮೂರು ಸಲ ಮೇಲೆಕೆಳಗೆ ಮಾಡುವುದು. ಸುಮಾರು ಮೂರು ತಿಂಗಳಿಗೆ ಗೊಬ್ಬರ. ಯಶವಂತ ವಾಡ್ ಜೊತೆ ಸೇರಿ 1931ರಲ್ಲಿ ಈ ಬಗ್ಗೆ ಪುಸ್ತಕ ಬರೆದ. ಇಂದೂರು ವಿಧಾನ ಅಂತ ಜಗತ್ತಿಗೆಲ್ಲ ಗೊತ್ತಾದದ್ದು ಇದೇ.

ನನಗೆ ಇಷ್ಟವಾದದ್ದು ಅದರಲ್ಲಿನ ಒಂದು ಸಣ್ಣ ಉಪಾಯ. ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ ಗಟ್ಟಿ, ಬೇಗ ಕೊಳೆಯುವುದಿಲ್ಲ. ಅದಕ್ಕೆ ಹೊವಾರ್ಡ್ ಏನು ಮಾಡಿಸಿದ ಗೊತ್ತೇ? ಅವನ್ನು ತೋಟದ ಗಾಡಿದಾರಿಯಲ್ಲಿ ಹಾಸಿಸಿದ! ಎತ್ತಿನ ಗಾಡಿಯ ಗಾಲಿ, ದನದ ಗೊರಸು ತುಳಿದು ತುಳಿದು ಕಟ್ಟಿಗೆ ನಾರಾಗುತ್ತಿತ್ತು. ಆಮೇಲೆ ಗುಂಡಿಗೆ. ಯಂತ್ರವಿಲ್ಲ, ಖರ್ಚಿಲ್ಲ.

ಇಂದೂರಿನಷ್ಟು ಮಗುಚಲು ಆಗದವರಿಗೆ ಇನ್ನೊಂದು ದಾರಿ ನಮ್ಮ ಬೆಂಗಳೂರಿನಲ್ಲೇ ಹುಟ್ಟಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಅವರು 1930ರ ದಶಕದ ಕೊನೆಯಲ್ಲಿ ರೂಪಿಸಿದ ಕ್ರಮ. ಕಂದಕದಲ್ಲಿ ಪದರ ಹಾಕಿ ಮಣ್ಣು ಮುಚ್ಚಿ ಆರೆಂಟು ತಿಂಗಳು ಮರೆತುಬಿಡುವುದು. ಊರಿನ ಕಸಕ್ಕೆ ಅಂತ ಮಾಡಿದ್ದಾದರೂ ನನ್ನಂಥ ಸೋಮಾರಿಗಳಿಗೆ ಬಹಳ ಒಳ್ಳೆಯದು.

ಹಿತ್ತಲೇ ಇಲ್ಲದವರು? ನಿಪ್ಪಾಣಿಯಿಂದ ನಲವತ್ತು ಕಿಲೋಮೀಟರಿನ ಕೊಲ್ಹಾಪುರದಲ್ಲಿ ಶ್ರೀಪಾದ ದಾಭೋಳಕರ ಅನ್ನುವವರಿದ್ದರು. ಪ್ರಯೋಗ ಪರಿವಾರ ಅಂತ ರೈತರ ಕೂಟ ಕಟ್ಟಿದವರು, 2001ರಲ್ಲಿ ತೀರಿಕೊಂಡರು. ಒಣಗಿದ ಎಲೆ, ಕಬ್ಬಿನ ಸಿಪ್ಪೆಯಂಥವನ್ನೇ ಮಣ್ಣಾಗಿಸಿ ಮಾಳಿಗೆಯ ಮೇಲೂ ತರಕಾರಿ ಬೆಳೆಯಬಹುದು ಅಂತ ಮಾಡಿ ತೋರಿಸಿದವರು.

ಇಷ್ಟೆಲ್ಲ ಓದಿ ಹಳೆಯ ಕಾಲವೇ ಚೆನ್ನಾಗಿತ್ತು ಅಂತ ಬರೆದು ಮುಗಿಸಿಬಿಡುವವನಿದ್ದೆ. ಒಂದು ದಿನ ಆಯಿಯ ಮಗ ಒಂದು ಮಾತು ಹೇಳಿದರು. ಡಾಕ್ಟರು ಎಕ್ಸರೇ ನೋಡಿ, "ಎಷ್ಟ ವರ್ಷ ಒಲಿ ಮುಂದ ಕುಂತೀರಿ ಅಜ್ಜಿ?" ಅಂತ ಕೇಳಿದರಂತೆ. ಆಯಿ, "ಮದಿವಿ ಆದಾಗಿಂದ" ಅಂದರಂತೆ. ಅಂದರೆ ಸುಮಾರು ಐವತ್ತು ವರ್ಷ.

ನನ್ನ ಒಂದು ಸಂಜೆಯ ಹೊಗೆ ಆಯಿಯನ್ನು ದವಾಖಾನೆಗೆ ಕಳಿಸಿತು ನಿಜ. ಆದರೆ ಆ ಎದೆಯನ್ನು ಮೊದಲೇ ಸೋಲಿಸಿ ಇಟ್ಟಿದ್ದು ಅದೇ ಒಲೆ, ಟೊಂಗೆಯನ್ನು ಎಂದೂ ಕಸವಾಗಲು ಬಿಡದ ಆ ಒಲೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಒಂದು ತುಂಡು ಟೊಂಗೆಯೂ ಹಾಳಾಗದ ಆ ವ್ಯವಸ್ಥೆಯ ಬೆಲೆ ಕೊಟ್ಟವರು ನಮ್ಮ ಅವ್ವಂದಿರು, ಆಯಿಯಂದಿರು. ಎ. ಕೆ. ಎನ್. ರೆಡ್ಡಿಯವರು 1974ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ಶುರು ಮಾಡಿದ ಆಸ್ತ್ರ ಕೇಂದ್ರದಿಂದ ಆಸ್ತ್ರ ಒಲೆ ಬಂತು, ಹೊಗೆ ಕೊಳವೆಯಲ್ಲಿ ಹೊರಗೆ ಹೋಯಿತು. ಆಮೇಲೆ ಗ್ಯಾಸು, 2016ರಿಂದ ಉಜ್ವಲಾ. ಒಲೆ ಆರಿದ್ದು ಒಳ್ಳೆಯದೇ ಆಯಿತು. ಅದನ್ನು ಯಾರೂ ಮತ್ತೆ ಹಚ್ಚಬಾರದು.

ಆದರೆ ಒಲೆ ಆರಿದ ದಿನ ಟೊಂಗೆ ಅನಾಥವಾಯಿತು. ಆಡು ಹೋದವು, ಬೇಲಿಗೆ ತಂತಿ ಬಂತು, ಗಾಡಿಗೆ ಟೈರು ಬಂತು, ತಿಪ್ಪಿಯ ಜಾಗ ಪ್ಲಾಟಾಯಿತು. ಒಬ್ಬೊಬ್ಬರಾಗಿ ಕೈಬಿಟ್ಟ ಮೇಲೆ ಉಳಿದದ್ದಕ್ಕೆ ನಾವು ಕಸ ಅಂತ ಹೆಸರಿಟ್ಟೆವು. ಒಲೆಯ ಹೊಗೆಯಿಂದ ಆಯಿಯನ್ನು ಬಿಡಿಸಿ, ಅದೇ ಟೊಂಗೆಯನ್ನು ಅವರ ಕಿಟಕಿಯ ಹೊರಗೆ ಸುಟ್ಟರೆ ಏನು ಸಾಧಿಸಿದ ಹಾಗಾಯಿತು?

ಈಗ ನಮ್ಮ ಹಿತ್ತಲಿನ ಕ್ರಮ ಹೇಳಿಬಿಡುತ್ತೇನೆ. ಕಡಿದದ್ದನ್ನು ಮೂರು ಪಾಲು ಮಾಡುತ್ತೇನೆ. ದಪ್ಪ ಕೊರಡು ಒಂದು ಬದಿಗೆ, ಗಿಡದ ಪಾತಿಗೆ ಅಂಚಾಗಿ, ಬಳ್ಳಿಗೆ ಗೂಟವಾಗಿ ಇಡುತ್ತೇನೆ. ಬೆರಳು ಗಾತ್ರದ್ದನ್ನು ಹೊವಾರ್ಡ್ ಸಾಹೇಬನ ಹಾಗೆ ಗೇಟಿನ ಒಳಗಿನ ದಾರಿಯಲ್ಲಿ ಹಾಸುತ್ತೇನೆ. ಎತ್ತಿನ ಗಾಡಿ ಇಲ್ಲ, ತಮ್ಮನ ಟ್ರ್ಯಾಕ್ಟರ್ ಇದೆ :) ಹತ್ತು ಹದಿನೈದು ದಿನಕ್ಕೆ ಪುಡಿಪುಡಿ. ಎಲೆಯನ್ನು ನೇರ ಗುಂಡಿಗೆ. ಒಣ ಎಲೆ, ಕಡ್ಡಿಯಲ್ಲಿ ಇಂಗಾಲ ಬಹಳ, ಸಾರಜನಕ ಕಡಿಮೆ. ಬರೀ ಅದನ್ನೇ ಹಾಕಿದರೆ ವರ್ಷವಾದರೂ ಹಾಗೇ ಇರುತ್ತದೆ. ಅದಕ್ಕೆ ನಡುನಡುವೆ ಸೆಗಣಿ ರಾಡಿ, ಅಡಿಗೆಮನೆಯ ತರಕಾರಿ ಸಿಪ್ಪೆ. ಹಿಂಡಿದರೆ ಒಂದೆರಡು ಹನಿ ಬರುವಷ್ಟು ಹಸಿ ಇರಬೇಕು. ಸರಿಯಾಗಿದ್ದರೆ ನಾಲ್ಕೈದು ದಿನಕ್ಕೆ ಒಳಗೆ ಕೈಯಿಡಲಾಗದಷ್ಟು ಬಿಸಿಯಾಗುತ್ತದೆ.

ತಪ್ಪುಗಳೂ ಆದವು. ಮೊದಲ ವರ್ಷ ರಾಶಿಯನ್ನು ಮನೆಯ ಗೋಡೆಗೆ ಹತ್ತಿಸಿ ಹಾಕಿದ್ದೆ, ಗೆದ್ದಲು ಬಂತು, ಒಂದು ದಿನ ಹಾವೂ ಬಂತು. ಈಗ ಗೋಡೆಯಿಂದ ದೂರ. ಬೀಜ ಕಟ್ಟಿದ ಕಾಂಗ್ರೆಸ್ ಕಸ ಹಾಕಿ ಮುಂದಿನ ವರ್ಷ ಹಿತ್ತಲ ತುಂಬ ಅದನ್ನೇ ಬೆಳೆದೆ. ಐವತ್ತರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದ ಆ ಗಿಡ ಇಡೀ ದೇಶ ಹಬ್ಬಿದ್ದು ಹೇಗೆ ಅಂತ ಆಗ ತಿಳಿಯಿತು. ಹೂ ಬಿಡುವ ಮುಂಚೆ ಕಿತ್ತರೆ ಮಾತ್ರ ಗುಂಡಿಗೆ. ಇನ್ನು ಎಲೆ ಆರು ತಿಂಗಳಿಗೆ ಮಣ್ಣಾದರೂ ಕಡ್ಡಿಗಳು ಹಾಗೇ ಉಳಿದವು. ಜರಡಿ ಹಿಡಿದು ಮತ್ತೆ ಗುಂಡಿಗೆ ಹಾಕುತ್ತೇನೆ. ಟೊಂಗೆಗೆ ಅವಸರವಿಲ್ಲ, ಅವಸರ ನಮಗೆ.

ಹೋದ ದೀಪಾವಳಿಗೆ ಮೊದಲ ಸಲ ಪೂರ್ತಿ ಗೊಬ್ಬರ ತೆಗೆದೆ. ಒಂದು ಬುಟ್ಟಿ ಪಕ್ಕದ ಮನೆಗೆ ಒಯ್ದೆ. ಆಯಿ ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. ಒಂದು ಮುಷ್ಟಿ ತೆಗೆದು ಮೂಸಿದರು.

"ಬೇಂವಿಂದಾ?"

"ಹೂನ್ರಿ ಆಯಿ, ಅದ ಗಿಡದ್ದು."

ಏನೂ ಹೇಳಲಿಲ್ಲ. ಸೊಸೆಯನ್ನು ಕೂಗಿ ತುಳಸಿಕಟ್ಟೆಗೆ ಹಾಕಿಸಿದರು. ಆ ಸಂಜೆ ದೀಪ ಹಚ್ಚುವಾಗ ನೋಡುತ್ತೇನೆ, ನಮ್ಮ ಹಿತ್ತಲಿನ ಗುಂಡಿಯ ಅಂಚಿನಲ್ಲಿ ಒಂದು ಹಣತೆ ಉರಿಯುತ್ತಿತ್ತು. ನಮ್ಮ ಮನೆಯವರು ಯಾರೂ ಇಟ್ಟಿರಲಿಲ್ಲ.

ನಿಮ್ಮ ಊರಲ್ಲಿ ಕಡಿದ ಟೊಂಗೆ ಎಲ್ಲಿಗೆ ಹೋಗುತ್ತಿತ್ತು, ಈಗ ಎಲ್ಲಿಗೆ ಹೋಗುತ್ತದೆ? ಮಲೆನಾಡಿನವರು ದರಗು, ಸೊಪ್ಪಿನಬೆಟ್ಟದ ಬಗ್ಗೆ ನನಗಿಂತ ಚೆನ್ನಾಗಿ ಬರೆಯಬಲ್ಲಿರಿ. ಬರೆಯಿರಿ, ಓದಲು ಕಾಯುತ್ತಿರುತ್ತೇನೆ.